ಕೊನೆಗೂ ಲೆಸ್ ಪಾಲ್ ಗಿಟಾರ್ ಮನೆಗೆ ಬಂತು. ಮೊದಲು ಏನು ಮಾಡಲಿ, ಏನು ಮಾಡಬಾರದು?

ಸ್ವರ್ಣತಂತಿ:

ಎಲ್ಲರಿಗೂ ನಮಸ್ಕಾರ. ತುಂಬಾ ಕಾಲದಿಂದ ನೀವೆಲ್ಲ ಬರೆಯುವುದನ್ನು ಓದುತ್ತಾ ಬಂದಿದ್ದೇನೆ, ನಾನೇ ಬರೆಯುತ್ತಿರುವುದು ಇದೇ ಮೊದಲು. ವರ್ಷಗಟ್ಟಲೆ ಆಸೆಪಟ್ಟ ಗಿಟಾರ್ ಕೊನೆಗೂ ತಗೊಂಡೆ. ಗಿಬ್ಸನ್ ಕಂಪನಿಯ ಎಲೆಕ್ಟ್ರಿಕ್ ಗಿಟಾರ್, ಲೆಸ್ ಪಾಲ್ ಸ್ಟ್ಯಾಂಡರ್ಡ್ ಫಿಫ್ಟೀಸ್, ಗೋಲ್ಡ್‌ಟಾಪ್ ಅಂದರೆ ಮುಂಭಾಗ ಚಿನ್ನದ ಬಣ್ಣದ್ದು, ಎರಡು ಹಂಬಕರ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ) ಇರುವುದು.

ಈ ಆಸೆ ಹುಟ್ಟಿದ್ದು ಬಣ್ಣ ನೋಡಿ ಅಲ್ಲ, ಸದ್ದಿನಿಂದ. ಒಂದು ಸ್ವರ ಮೀಟಿ ಬೆರಳು ಒತ್ತಿ ಹಿಡಿದರೆ ಅದು ಸಾಯದೆ ನಿಲ್ಲುತ್ತದಲ್ಲ, ಆಮೇಲೆ ನಿಧಾನವಾಗಿ ದಪ್ಪಗಾಗುತ್ತಾ ಹೋಗುತ್ತದಲ್ಲ, ಅದು. ಬೇರೆ ಗಿಟಾರ್ ನುಡಿಸುತ್ತಿದ್ದಾಗಲೂ ತಲೆಯಲ್ಲಿ ಕೇಳುತ್ತಿದ್ದದ್ದು ಅದೇ ಸದ್ದು. ಈಗ ಮಡಿಲಲ್ಲಿ ಇಟ್ಟುಕೊಂಡರೆ ತೂಕ ತೊಡೆಗೆ ಗೊತ್ತಾಗುತ್ತದೆ. ನೆಕ್, ಅಂದರೆ ಬೆರಳಿಟ್ಟು ಹಿಡಿಯುವ ಉದ್ದ ಭಾಗ, ನಾನು ಅಂದುಕೊಂಡಿದ್ದಕ್ಕಿಂತ ದಪ್ಪ, ಅಂಗೈ ತುಂಬುತ್ತದೆ. ಆಂಪ್‌ಗೆ (ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್) ಹಾಕದೆ ಸುಮ್ನೆ ಮೀಟಿದರೂ ಮರದ ಕಂಪನ ಪಕ್ಕೆಲುಬಿಗೆ ತಾಗುತ್ತದೆ. ಇಷ್ಟು ಖುಷಿ ಆಗಿದೆ ಅಂತ ಹೇಳಿಕೊಳ್ಳಲು ಮನೆಯಲ್ಲಿ ಗಿಟಾರ್ ಗೊತ್ತಿರುವವರು ಯಾರೂ ಇಲ್ಲ, ಅದಕ್ಕೇ ಇಲ್ಲಿಗೆ ಬಂದೆ.

ಈಗ ಪ್ರಶ್ನೆಗಳು. ಬಂದ ತಕ್ಷಣ ಸೆಟಪ್ (ನೆಕ್, ತಂತಿಯ ಎತ್ತರ, ಶ್ರುತಿ ಸರಿಹೊಂದಿಸುವುದು) ಮಾಡಿಸಬೇಕಾ, ಅಥವಾ ಹಾಗೇ ಸ್ವಲ್ಪ ದಿನ ನುಡಿಸಲಾ? ಈ ಥರದ ಗಿಟಾರ್‌ನಲ್ಲಿ ಜಿ ತಂತಿ (ತೆಳು ತಂತಿಯಿಂದ ಎಣಿಸಿದರೆ ಮೂರನೆಯದು) ಶ್ರುತಿ ನಿಲ್ಲುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ಅದಕ್ಕೆ ಮೊದಲೇ ಏನಾದರೂ ನೋಡಿಕೊಳ್ಳಬೇಕಾ? ಇದಕ್ಕೆ ಬಳಿದಿರುವುದು ನೈಟ್ರೋ ಲ್ಯಾಕರ್, ಅಂದರೆ ನೈಟ್ರೋಸೆಲ್ಯುಲೋಸ್ ಮೆರುಗು. ಸ್ಟ್ಯಾಂಡ್ ಮೇಲೆ ಇಡಬಹುದಾ? ನನ್ನ ಹತ್ತಿರ ಇರುವುದು ಚಿಕ್ಕ ಪ್ರಾಕ್ಟೀಸ್ ಆಂಪ್. ಅದರಲ್ಲಿ ನೆಕ್ ಪಿಕಪ್ (ನೆಕ್ ಕಡೆಗಿರುವ ಪಿಕಪ್) ಸದ್ದು ಸ್ವಲ್ಪ ಮಂಕಾಗಿ ಕೇಳುತ್ತದೆ. ಪಿಕಪ್ ಬದಲಿಸು ಅಂತ ಒಬ್ಬರು ಹೇಳಿದರು, ನನಗೆ ಮನಸ್ಸಿಲ್ಲ.

ಕೊನೆಯದು ಸ್ವಲ್ಪ ಬೇರೆ ಥರದ ಪ್ರಶ್ನೆ. ನಮ್ಮ ಕಡೆ ತಿಂಗಳಿಗೊಮ್ಮೆ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು ಸೇರುತ್ತಾರೆ, ನನ್ನನ್ನೂ ಕರೆದಿದ್ದಾರೆ. ಇದುವರೆಗೆ ಹೋಗಿಲ್ಲ. ಅಲ್ಲಿ ಎಲ್ಲರೂ ನನಗಿಂತ ಚೆನ್ನಾಗಿ ನುಡಿಸುವವರು. ಮೊದಲ ಸಲವೇ ಇಂಥ ಗಿಟಾರ್ ಹಿಡಿದುಕೊಂಡು ಹೋದರೆ ಜಂಬ ಅನ್ನಿಸುವುದಿಲ್ವಾ?

ನಟ್‌ಫೈಲ್:

ಮೊದಲು ಅಭಿನಂದನೆ! ಬಹಳ ಒಳ್ಳೆಯ ಗಿಟಾರ್ ತಗೊಂಡಿದ್ದೀರಿ. ನಾನು ಗಿಟಾರ್ ರಿಪೇರಿ ಮಾಡುವವನು, ಆದ್ದರಿಂದ ಸೆಟಪ್ ಬಗ್ಗೆ ಉದ್ದಕ್ಕೆ ಬರೆಯುತ್ತೇನೆ.

ಬಂದ ದಿನವೇ ಏನೂ ಮುಟ್ಟಬೇಡಿ. ಮರ ಹೊಸ ಜಾಗದ ಗಾಳಿಗೆ, ತೇವಕ್ಕೆ ಹೊಂದಿಕೊಳ್ಳಬೇಕು. ಒಂದೆರಡು ವಾರದಲ್ಲಿ ನೆಕ್ ಸ್ವಲ್ಪ ಈ ಕಡೆ ಆ ಕಡೆ ಆಗಬಹುದು. ಇವತ್ತು ಸರಿಮಾಡಿದ್ದನ್ನು ಆಗ ಮತ್ತೆ ಮಾಡಬೇಕಾಗುತ್ತದೆ. ಅಲ್ಲಿಯವರೆಗೆ ಸುಮ್ನೆ ನುಡಿಸಿ, ಏನು ಇಷ್ಟ ಆಗುತ್ತಿದೆ, ಎಲ್ಲಿ ಬೆರಳು ತಡೆಯುತ್ತಿದೆ ಅಂತ ಗಮನಿಸಿ. ಸೆಟಪ್ ಮಾಡಿಸಲು ಹೋದಾಗ ಅದನ್ನು ಹೇಳಿದರೆ ನಮ್ಮಂಥವರಿಗೆ ಕೆಲಸ ಸುಲಭ.

ಆಮೇಲೆ ನೆಕ್ ನೋಡಿ. ಆರನೇ, ಅಂದರೆ ಎಲ್ಲಕ್ಕಿಂತ ದಪ್ಪ ತಂತಿಯನ್ನು ಮೊದಲನೇ ಫ್ರೆಟ್‌ನಲ್ಲಿ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಒಂದು ಕೈಯಿಂದ, ಬಾಡಿ ಸೇರುವ ಜಾಗದ ಫ್ರೆಟ್‌ನಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿದು, ಏಳನೇ ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಎಷ್ಟು ಸಂದು ಇದೆ ನೋಡಬೇಕು. 0.2ರಿಂದ 0.25 ಮಿಲಿಮೀಟರ್ ಇದ್ದರೆ ಸಾಕು. ಹತ್ತರ ಸೆಟ್‌ನ (ಅತಿ ತೆಳು ತಂತಿ 0.010 ಇಂಚು ಇರುವ ಸೆಟ್) ಮೊದಲ ತಂತಿಯ ದಪ್ಪವೂ ಸುಮಾರು 0.25 ಮಿಲಿಮೀಟರ್. ಅದರ ಒಂದು ತುಂಡನ್ನೇ ಆ ಸಂದಿಗೆ ತೂರಿಸಿ ನೋಡಬಹುದು. ಸಂದು ಜಾಸ್ತಿ ಇದ್ದರೆ ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ಬಿಗಿ ಮಾಡಬೇಕು, ಏನೂ ಇಲ್ಲದಿದ್ದರೆ ಸಡಿಲ ಮಾಡಬೇಕು. ಹೆಡ್‌ಸ್ಟಾಕ್ (ನೆಕ್ ತುದಿಯ ತಲೆ) ಮೇಲಿನ ಗಂಟೆ ಆಕಾರದ ಮುಚ್ಚಳದ ಕೆಳಗೆ ಅದರ ಹಿತ್ತಾಳೆ ನಟ್ ಇರುತ್ತದೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ, ತಿರುಗಿಸಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಳೆಯಿರಿ. ಕೈ ನಡುಗುತ್ತದೆ ಅಂದರೆ ಗೊತ್ತಿರುವವರ ಹತ್ತಿರ ಕೊಡಿ, ತಪ್ಪೇನಿಲ್ಲ.

ತಂತಿಯ ಎತ್ತರ 12ನೇ ಫ್ರೆಟ್ ಹತ್ತಿರ ದಪ್ಪ ತಂತಿಗೆ 2 ಮಿಲಿಮೀಟರ್, ತೆಳು ತಂತಿಗೆ 1.2 ಮಿಲಿಮೀಟರ್ ಆಸುಪಾಸು ಇದ್ದರೆ ಹೆಚ್ಚಿನವರಿಗೆ ಸರಿಹೋಗುತ್ತದೆ. ಬ್ರಿಡ್ಜ್‌ನ (ಬಾಡಿ ಮೇಲೆ ತಂತಿ ಕೂರುವ ಭಾಗ) ಎರಡು ಪಕ್ಕದ ಚಕ್ರ ತಿರುಗಿಸಿದರೆ ಆಯಿತು. ಕೊನೆಗೆ ಇಂಟೋನೇಷನ್, ಅಂದರೆ ನೆಕ್ ಉದ್ದಕ್ಕೂ ಶ್ರುತಿ ಸರಿ ಇರುವುದು. 12ನೇ ಫ್ರೆಟ್ ಮೇಲೆ ತಂತಿಯನ್ನು ಬೆರಳಿನಿಂದ ಬರೀ ಮುಟ್ಟಿ ಹಾರ್ಮೋನಿಕ್ ತೆಗೆಯಿರಿ, ಆಮೇಲೆ ಅಲ್ಲೇ ಒತ್ತಿ ನುಡಿಸಿ. ಎರಡೂ ಒಂದೇ ಶ್ರುತಿ ಇರಬೇಕು. ಒತ್ತಿದ್ದು ಏರಿದ್ದರೆ ಬ್ರಿಡ್ಜ್ ಮೇಲೆ ಆ ತಂತಿ ಕೂರುವ ಸ್ಯಾಡಲ್ ಹಿಂದಕ್ಕೆ ಸರಿಸಿ, ಇಳಿದಿದ್ದರೆ ನೆಕ್ ಕಡೆಗೆ ತನ್ನಿ.

ಇನ್ನು ಜಿ ತಂತಿ. ಇದು ವಿನ್ಯಾಸದ ಸ್ವಭಾವ, ನಿಮ್ಮ ಗಿಟಾರ್‌ನ ದೋಷ ಅಲ್ಲ. ಹೆಡ್‌ಸ್ಟಾಕ್ ಹಿಂದಕ್ಕೆ 17 ಡಿಗ್ರಿ ವಾಲಿದೆ. ಮೂರು ಟ್ಯೂನರ್ (ತಂತಿ ಬಿಗಿ ಮಾಡುವ ಕೀಲಿ) ಆ ಕಡೆ, ಮೂರು ಈ ಕಡೆ. ಡಿ ಮತ್ತು ಜಿ ತಂತಿ ನಟ್ (ಟ್ರಸ್ ರಾಡ್‌ನದಲ್ಲ, ನೆಕ್ ತುದಿಯಲ್ಲಿ ತಂತಿ ಕೂರುವ ಸೀಳುಗಳಿರುವ ಪಟ್ಟಿ) ದಾಟಿದ ಮೇಲೆ ಕೆಳಕ್ಕೂ ಬಾಗಬೇಕು, ಪಕ್ಕಕ್ಕೂ ತಿರುಗಬೇಕು. ನಟ್‌ನ ಸೀಳು ಸ್ವಲ್ಪ ಬಿಗಿ ಇದ್ದರೂ ಸಾಕು, ಬಾಗಿಲ ಸಂದಿಗೆ ಸೆರಗು ಸಿಕ್ಕಿದ ಹಾಗೆ ತಂತಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬೆಂಡ್ ಮಾಡಿದಾಗ (ತಂತಿಯನ್ನು ಪಕ್ಕಕ್ಕೆ ತಳ್ಳಿ ಸ್ವರ ಏರಿಸಿದಾಗ) ಎಳೆದುಕೊಂಡದ್ದು ಪೂರ್ತಿ ವಾಪಸ್ ಬರುವುದಿಲ್ಲ. ಗುರುತು ಹಿಡಿಯುವುದು ಸುಲಭ: ನಿಧಾನವಾಗಿ ಟ್ಯೂನ್ ಮಾಡುವಾಗ ನಟ್ ಹತ್ತಿರ ‘ಟಿಂಕ್’ ಅಂತ ಸಣ್ಣ ಸದ್ದು ಬಂದು ಶ್ರುತಿ ಒಮ್ಮೆಲೇ ಹಾರಿದರೆ ಅದೇ ಕಾರಣ. ತಂತಿಯನ್ನು ಸೀಳಿನಿಂದ ಪಕ್ಕಕ್ಕೆ ತೆಗೆದು, ಮೆತ್ತನೆ ಪೆನ್ಸಿಲ್ ತುದಿಯನ್ನು ಅದರೊಳಗೆ ನಾಲ್ಕು ಸಲ ಉಜ್ಜಿ. ಪೆನ್ಸಿಲ್‌ನ ಗ್ರಾಫೈಟ್ ಪುಡಿ ಜಾರು ಕೊಡುತ್ತದೆ. ಬಹಳ ಸಲ ಇಷ್ಟೇ ಸಾಕಾಗುತ್ತದೆ. ಆಗದಿದ್ದರೆ ಸೀಳನ್ನು ಸರಿಯಾದ ಅಳತೆಯ ಅರದಿಂದ ಉಜ್ಜಿಸಬೇಕು, ಅದನ್ನು ಮನೆಯಲ್ಲಿ ಮಾಡಬೇಡಿ. ಟ್ಯೂನರ್ ಬದಲಿಸಿದರೆ ಇದು ಹೋಗುತ್ತದೆ ಅಂತ ತುಂಬಾ ಜನ ದುಡ್ಡು ಸುರಿಯುತ್ತಾರೆ, ಆದರೆ ಟ್ಯೂನರ್‌ನಲ್ಲಿ ತೊಂದರೆ ಇರುವುದು ಅಪರೂಪ. ಇನ್ನೊಂದು, ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಶ್ರುತಿ ಮಾಡಿ. ಜಾಸ್ತಿ ಏರಿದರೆ ಪೂರ್ತಿ ಇಳಿಸಿ ಮತ್ತೆ ಏರಿಸಿ.

ಪಿಕಪ್ ಈಗ ಮುಟ್ಟಲೇಬೇಡಿ.

ಮೆತ್ತನೆಬಟ್ಟೆ:

ಲ್ಯಾಕರ್ ಬಗ್ಗೆ ನಾನು ಹೇಳುತ್ತೇನೆ. ನೈಟ್ರೋ ಮತ್ತು ರಬ್ಬರ್ ಒಟ್ಟಿಗೆ ಇರಬಾರದು. ಎಷ್ಟೋ ಸ್ಟ್ಯಾಂಡ್‌ಗಳ ಕೈಗೆ ಸುತ್ತಿರುವ ಮೆತ್ತನೆ ರಬ್ಬರ್ ಅಥವಾ ಫೋಮ್‌ನಲ್ಲಿರುವ ರಾಸಾಯನಿಕ ಲ್ಯಾಕರ್ ಜೊತೆ ಸೇರಿ ಅದನ್ನು ಮೆತ್ತಗೆ ಮಾಡಿಬಿಡುತ್ತದೆ, ಕಲೆ ಉಳಿಯುತ್ತದೆ, ಒರೆಸಿದರೂ ಹೋಗುವುದಿಲ್ಲ. ನೈಟ್ರೋಗೆ ಸುರಕ್ಷಿತ ಅಂತ ಬರೆದಿರುವ ಸ್ಟ್ಯಾಂಡ್ ತಗೊಳ್ಳಿ. ಅದೂ ಸಾಲದು ಅನ್ನಿಸಿದರೆ ತಾಗುವ ಜಾಗಕ್ಕೆಲ್ಲ ಹತ್ತಿ ಬಟ್ಟೆ ಸುತ್ತಿ. ನಾನು ಎರಡೂ ಮಾಡುತ್ತೇನೆ.

ಆದರೆ ಸ್ಟ್ಯಾಂಡ್‌ಗಿಂತ ದೊಡ್ಡ ಅಪಾಯ ಬೀಳುವುದು. ಲೆಸ್ ಪಾಲ್‌ನ ನೆಕ್ ಮಹಾಗನಿ, ಹೆಡ್‌ಸ್ಟಾಕ್ ಹಿಂದಕ್ಕೆ ವಾಲಿದೆ, ಟ್ರಸ್ ರಾಡ್‌ಗೋಸ್ಕರ ನಟ್ ಹಿಂದೆ ಮರ ಕೊರೆದಿದ್ದಾರೆ. ಹಾಗಾಗಿ ಗಿಟಾರ್ ಬೆನ್ನು ಕೆಳಗಾಗಿ ಬಿದ್ದರೆ ಮುರಿಯುವುದು ಸರಿಯಾಗಿ ಅಲ್ಲೇ. ಆಂಪ್‌ಗೆ ಒರಗಿಸಿ ಇಡಬೇಡಿ, ಗೋಡೆಗೂ ಬೇಡ, ಕುರ್ಚಿಗೂ ಬೇಡ, ‘ಒಂದೇ ನಿಮಿಷ’ ಅಂತಲೂ ಬೇಡ. ನಿಂತು ನುಡಿಸುವವರಾದರೆ ಮೊದಲು ಸ್ಟ್ರಾಪ್ ಲಾಕ್ (ಹೆಗಲ ಪಟ್ಟಿ ಕಳಚದ ಹಾಗೆ ಹಿಡಿಯುವ ಕೊಂಡಿ) ಹಾಕಿಸಿ. ಮಿಕ್ಕಿದ್ದೆಲ್ಲ ಆಮೇಲೆ.

ತೇವ 45ರಿಂದ 55 ಪರ್ಸೆಂಟ್ ಇದ್ದರೆ ಮರಕ್ಕೆ ನೆಮ್ಮದಿ. ತುಂಬಾ ಚಳಿಯಿಂದ ಒಳಗೆ ತಂದಾಗ ಕೇಸ್ ತಕ್ಷಣ ತೆರೆಯಬೇಡಿ, ಕೆಲವು ಗಂಟೆ ಮುಚ್ಚಿಯೇ ಇಡಿ, ಇಲ್ಲದಿದ್ದರೆ ಲ್ಯಾಕರ್ ಬಿರುಕು ಬಿಡಬಹುದು. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ತಂತಿ, ನೆಕ್, ತೋಳು ತಾಗುವ ಜಾಗ ಒರೆಸಿದರೆ ಸಾಕು. ಸಿಲಿಕಾನ್ ಇರುವ ಪಾಲಿಶ್ ಮುಟ್ಟಬೇಡಿ.

ಹಳೇವಾಲ್ವ್:

ಮಂಕು ಸದ್ದಿನ ಬಗ್ಗೆ. ಗಿಟಾರ್ ಮೇಲೆ ನಾಲ್ಕು ನಾಬ್ ಇವೆ, ಅಲ್ವಾ? ಬಹಳ ಜನ ನಾಲ್ಕನ್ನೂ ಹತ್ತಕ್ಕೆ ಇಟ್ಟು ಮರೆತುಬಿಡುತ್ತಾರೆ. ನೆಕ್ ಪಿಕಪ್ ವಾಲ್ಯೂಮ್ ಏಳಕ್ಕೆ ಇಳಿಸಿ ನೋಡಿ. ಬ್ರಿಡ್ಜ್ ಪಿಕಪ್ ಹತ್ತರಲ್ಲೇ ಇರಲಿ. ಈಗ ಸ್ವಿಚ್ ಮೇಲೆ ಕೆಳಗೆ ಮಾಡಿದರೆ ಒಂದೇ ಗಿಟಾರ್‌ನಲ್ಲಿ ಹಿನ್ನೆಲೆಗೆ ಒಂದು ಸದ್ದು, ಸೋಲೋಗೆ ಇನ್ನೊಂದು ಸದ್ದು ಸಿಗುತ್ತದೆ, ಕಾಲಿನಿಂದ ಯಾವ ಪೆಡಲೂ ಒತ್ತಬೇಕಾಗಿಲ್ಲ. ಸ್ವಿಚ್ ನಡುವೆ ಇದ್ದಾಗ ಎರಡೂ ವಾಲ್ಯೂಮ್ ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ ಹೋಗಿ, ಅಲ್ಲಿ ಎಷ್ಟು ಬಣ್ಣ ಅಡಗಿದೆ ಅಂತ ಗೊತ್ತಾಗುತ್ತದೆ. ಒಂದು ವಿಷಯ ನೆನಪಿರಲಿ, ಮಾಮೂಲಿ ವೈರಿಂಗ್‌ನಲ್ಲಿ ನಡುವಿನ ಸ್ಥಾನದಲ್ಲಿ ಒಂದು ವಾಲ್ಯೂಮ್ ಪೂರ್ತಿ ಸೊನ್ನೆ ಮಾಡಿದರೆ ಎರಡೂ ಮೌನ ಆಗುತ್ತವೆ. ಕೆಟ್ಟಿದೆ ಅಂತ ಗಾಬರಿ ಆಗಬೇಡಿ.

ಇನ್ನೂ ಮಂಕು ಅನ್ನಿಸಿದರೆ ಸ್ಕ್ರೂಡ್ರೈವರ್ ತಗೊಂಡು ನೆಕ್ ಪಿಕಪ್‌ನ ಎರಡು ಪಕ್ಕದ ಸ್ಕ್ರೂ ತಿರುಗಿಸಿ ಪಿಕಪ್ ಸ್ವಲ್ಪ ಕೆಳಗೆ ಇಳಿಸಿ. ಖರ್ಚಿಲ್ಲದ ಕೆಲಸ, ಬೇಡ ಅನ್ನಿಸಿದರೆ ಮತ್ತೆ ಮೇಲೆ ತರಬಹುದು. ಕೇಬಲ್ ತುಂಬಾ ಉದ್ದ ಇದ್ದರೂ ಮೇಲಿನ ಸ್ವರಗಳ ಚುರುಕು ಹೋಗುತ್ತದೆ. ಮನೆಯಲ್ಲಿ 3 ಮೀಟರ್ ಸಾಕು.

ಆದರೂ ನಾನು ನೇರವಾಗಿ ಹೇಳುತ್ತೇನೆ, ಮುಂದಿನ ದುಡ್ಡು ಆಂಪ್‌ಗೆ ಹೋಗಲಿ. ನೀವು ತಲೆಯಲ್ಲಿ ಕೇಳುತ್ತಿದ್ದ ಆ ಸದ್ದಿನಲ್ಲಿ ಅರ್ಧ ಗಿಟಾರ್, ಅರ್ಧ ಆಂಪ್. ಹಂಬಕರ್ ಹುಟ್ಟಿದ್ದು ಗುಂಯ್ ಅನ್ನುವ ಸದ್ದು ಕಳೆಯಲು. ಗಿಬ್ಸನ್‌ನ ಸೆತ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1957ರಿಂದ ಲೆಸ್ ಪಾಲ್‌ಗೆ ಹಾಕತೊಡಗಿದರು. ಎರಡು ಸುರುಳಿ, ಒಂದಕ್ಕೊಂದು ಉಲ್ಟಾ ಸುತ್ತು, ಉಲ್ಟಾ ಆಯಸ್ಕಾಂತ. ಹೊರಗಿನಿಂದ ಬಂದ ಗುಂಯ್ ಒಂದನ್ನೊಂದು ಹೊಡೆದುಹಾಕುತ್ತದೆ, ತಂತಿಯ ಸದ್ದು ಕೂಡಿಕೊಳ್ಳುತ್ತದೆ. ಆಗ ಬೇಕಾಗಿದ್ದದ್ದು ಶುದ್ಧ ಸದ್ದು. ಆದರೆ ಆ ಜಾಸ್ತಿ ಶಕ್ತಿ ವಾಲ್ವ್ (ನಿರ್ವಾತ ಕೊಳವೆಯ) ಆಂಪ್‌ನ ಮೊದಲ ಹಂತವನ್ನು ತಳ್ಳಿದಾಗ ಸದ್ದು ಒಡೆಯತೊಡಗುತ್ತದೆ. ಆ ದಪ್ಪ, ನಿಲ್ಲುವ ಸ್ವರ ಬರುವುದು ಅಲ್ಲಿಂದ. 1960ರ ದಶಕದ ನಡುವೆ ಬ್ರಿಟನ್‌ನ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಹಳೆಯ ಲೆಸ್ ಪಾಲ್ ಹಿಡಿದು ಮಾರ್ಷಲ್ ಆಂಪ್ ಜೋರಾಗಿ ಇಟ್ಟು ನುಡಿಸಿದ ಮೇಲೆ ಎಲ್ಲರ ಕಿವಿ ಆ ಕಡೆ ತಿರುಗಿತು. ಚಿಕ್ಕ ಸ್ಪೀಕರ್‌ನಲ್ಲಿ ಇದು ಅರ್ಧ ಮಾತ್ರ ಕೇಳುತ್ತದೆ. 12 ಇಂಚಿನ ಒಂದು ಸ್ಪೀಕರ್ ಇರುವ, ಕಡಿಮೆ ವ್ಯಾಟ್‌ನ ವಾಲ್ವ್ ಆಂಪ್ ನೋಡಿ. ಪಕ್ಕದ ಮನೆಯವರ ಚಿಂತೆ ಇದ್ದರೆ ಈಗಿನ ಒಳ್ಳೆಯ ಡಿಜಿಟಲ್ ಮಾಡೆಲರ್ (ಆಂಪ್‌ನ ಸದ್ದನ್ನು ಅನುಕರಿಸುವ ಸಾಧನ) ಮತ್ತು ಹೆಡ್‌ಫೋನ್ ಕೂಡ ಸಾಕು, ವಾಲ್ಯೂಮ್ ನಾಬ್ ಇಳಿಸಿದಾಗ ಸದ್ದು ತಿಳಿಯಾಗುತ್ತದಾ ಅಂತ ಮಾತ್ರ ಪರೀಕ್ಷಿಸಿ ತಗೊಳ್ಳಿ.

ಕೇಸ್‌ನೊಳಗೆ:

ಎಲ್ಲರೂ ಗಿಟಾರ್ ಬಗ್ಗೆ ಹೇಳಿದರು, ನಾನು ಕೊನೆಯ ಪ್ರಶ್ನೆಗೆ ಬರುತ್ತೇನೆ. ಬೇಡ, ಹಿಡಿದುಕೊಂಡು ಹೋಗಬೇಡಿ. ಅಲ್ಲಿ ಹತ್ತು ಜನ ಓಡಾಡುತ್ತಾರೆ, ಕೇಬಲ್‌ಗಳು ಕಾಲಿಗೆ ಸಿಗುತ್ತವೆ, ಯಾರದೋ ಬೆಲ್ಟ್ ಬಕಲ್ ಬೆನ್ನಿಗೆ ಗೀರುತ್ತದೆ. ಹಳೆಯ ಗಿಟಾರ್ ಒಯ್ಯಿರಿ. ಇಂಥ ಗಿಟಾರ್ ಗೀರಿಲ್ಲದೆ ಇಟ್ಟುಕೊಂಡರೆ ಮುಂದೆ ಬೆಲೆ ಉಳಿಯುತ್ತದೆ, 1958ರಿಂದ 1960ರವರೆಗಿನ ಸನ್‌ಬರ್ಸ್ಟ್ (ನಡುವೆ ತಿಳಿ, ಅಂಚಿಗೆ ಗಾಢ ಬಣ್ಣದ) ಲೆಸ್ ಪಾಲ್‌ಗಳಿಗೆ ಇವತ್ತು ಯಾವ ಬೆಲೆ ಇದೆ ಅಂತ ಎಲ್ಲರಿಗೂ ಗೊತ್ತು. ಸೀರಿಯಲ್ ನಂಬರ್ ಬರೆದಿಡಿ, ಎಲ್ಲ ಕಡೆಯಿಂದ ಫೋಟೋ ತೆಗೆದಿಡಿ, ಬಿಲ್ ಜೋಪಾನ ಮಾಡಿ, ಸಾಧ್ಯವಾದರೆ ವಿಮೆ ಮಾಡಿಸಿ.

ಮಂದ್ರ:

ಸೀರಿಯಲ್ ನಂಬರ್, ಫೋಟೋ, ವಿಮೆ, ಇವಕ್ಕೆ ನನ್ನ ಪೂರ್ತಿ ಒಪ್ಪಿಗೆ. ಮಿಕ್ಕ ಮಾತು ಒಪ್ಪುವುದಿಲ್ಲ.

ಆ ಸನ್‌ಬರ್ಸ್ಟ್‌ಗಳಿಗೆ ಬೆಲೆ ಬಂದದ್ದು ಕೇಸ್‌ನಲ್ಲಿ ಇಟ್ಟಿದ್ದರಿಂದಲ್ಲ. ಅವು ಹೊಸದಾಗಿದ್ದಾಗ ಸರಿಯಾಗಿ ಮಾರಾಟವೇ ಆಗಲಿಲ್ಲ. 1961ರ ಹೊತ್ತಿಗೆ ಗಿಬ್ಸನ್ ಆ ಆಕಾರವನ್ನೇ ಕೈಬಿಟ್ಟು ತೆಳುವಾದ, ಎರಡು ಕೊಂಬಿನ ಬಾಡಿಗೆ ಹೋಯಿತು. ಹಳೆಯ ಆಕಾರ ವಾಪಸ್ ಬಂದದ್ದು 1968ರಲ್ಲಿ, ಅದೂ ಆ ಹಳೆಯವನ್ನು ಕೆಲವರು ವೇದಿಕೆ ಮೇಲೆ ನುಡಿಸಿ, ಕೇಳಿದವರಿಗೆಲ್ಲ ಆಸೆ ಹುಟ್ಟಿಸಿದ ಮೇಲೆ. ಬ್ಲೂಸ್ ಗಿಟಾರ್ ವಾದಕ ಪೀಟರ್ ಗ್ರೀನ್ ಹತ್ತಿರ ಇದ್ದ 1959ರ ಲೆಸ್ ಪಾಲ್ ಉದಾಹರಣೆಗೆ ತಗೊಳ್ಳಿ. ಅದರ ನೆಕ್ ಪಿಕಪ್‌ನ ಆಯಸ್ಕಾಂತ ತಿರುಗಿದೆ, ಹಾಗಾಗಿ ಸ್ವಿಚ್ ನಡುವೆ ಇಟ್ಟರೆ ಟೊಳ್ಳಾದ, ಮೂಗಿನಿಂದ ಬಂದಂಥ ಸದ್ದು. ಅದೇ ಅದರ ಗುರುತಾಯಿತು. 1970ರ ದಶಕದ ಮೊದಲಲ್ಲಿ ಅದು ಇನ್ನೊಬ್ಬ ಗಿಟಾರ್ ವಾದಕ ಗ್ಯಾರಿ ಮೂರ್ ಕೈಗೆ ಹೋಯಿತು, ಅವರು ವರ್ಷಗಟ್ಟಲೆ ನುಡಿಸಿದರು. ಈಗ ಮೆಟಾಲಿಕಾ ಬ್ಯಾಂಡ್‌ನ ಕರ್ಕ್ ಹ್ಯಾಮೆಟ್ ಹತ್ತಿರ ಇದೆ, ಅವರೂ ವೇದಿಕೆಗೆ ತರುತ್ತಾರೆ. ಮೈತುಂಬಾ ಗೀರು, ಬಣ್ಣ ಮಾಸಿದೆ. ಅದನ್ನು ಯಾರಾದರೂ ಕಪಾಟಿನಲ್ಲಿ ಇಟ್ಟಿದ್ದರೆ ಇವತ್ತು ನಾವು ಅದರ ಹೆಸರು ಎತ್ತುತ್ತಿರಲಿಲ್ಲ.

ಸ್ವರ್ಣತಂತಿ ಅವರೇ, ನೀವು ಆಸೆಪಟ್ಟದ್ದು ಸದ್ದಿಗೆ ಅಂತ ನೀವೇ ಬರೆದಿದ್ದೀರಿ. ಆ ಸದ್ದು ನಾಲ್ಕು ಜನರ ನಡುವೆ ಹೇಗೆ ಕೂರುತ್ತದೆ ಅಂತ ಕೇಳಬೇಡವೇ? ಒಬ್ಬರೇ ಕೋಣೆಯಲ್ಲಿ ನುಡಿಸುವಾಗ ಚೆನ್ನಾಗಿ ಕೇಳುವ ಸೆಟ್ಟಿಂಗ್ ಬಾಸ್, ಡ್ರಮ್ಸ್ ಜೊತೆ ಸೇರಿದಾಗ ಕೆಸರಾಗುತ್ತದೆ. ಆಂಪ್‌ನಲ್ಲಿ ಬಾಸ್ (ಕೆಳಗಿನ ಸದ್ದು) ಕಡಿಮೆ ಮಾಡಿ, ಮಿಡ್ (ನಡುವಿನ ಸದ್ದು) ಜಾಸ್ತಿ ಮಾಡಿ, ಗೇನ್ (ಸದ್ದು ಒಡೆಯುವ ಪ್ರಮಾಣ) ಇಳಿಸಿ, ಆಗ ಲೆಸ್ ಪಾಲ್ ಎದ್ದು ಬರುತ್ತದೆ. ಇದು ಓದಿ ಕಲಿಯುವುದಲ್ಲ, ಅಲ್ಲಿ ನಿಂತು ಕಲಿಯುವುದು.

ಜಂಬದ ಮಾತು. ಇಂಥ ಕೂಟಗಳಲ್ಲಿ ಯಾರೂ ಬೆಲೆ ನೋಡಿ ಮುಖ ಸಿಂಡರಿಸುವುದಿಲ್ಲ, ನಾನು ಅಂತೂ ಎಲ್ಲೂ ನೋಡಿಲ್ಲ. ಹೊಸ ಗಿಟಾರ್ ಕೇಸ್ ತೆರೆದರೆ ಎಲ್ಲರೂ ಬಂದು ಬಗ್ಗಿ ನೋಡುತ್ತಾರೆ, ಸ್ವಲ್ಪ ನುಡಿಸಲಾ ಅಂತ ಕೇಳುತ್ತಾರೆ. ಕೊಡಬಹುದು, ಕೊಡದೆಯೂ ಇರಬಹುದು, ಇಲ್ಲ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕೊಡುವುದಾದರೆ ವಾಚ್ ಬಿಚ್ಚಿ ಕೂತುಕೊಂಡು ನುಡಿಸಿ ಅಂತ ಹೇಳಿ, ಬಕಲ್ ಚಿಂತೆ ಮುಗಿಯಿತು. ಬೇರೆಯವರ ಗಿಟಾರ್ ನೀವು ತಗೊಂಡಾಗಲೂ ಅದೇ ಮರ್ಯಾದೆ: ಕೇಳಿ ತಗೊಳ್ಳಿ, ಅವರ ಶ್ರುತಿ ಬದಲಿಸಬೇಡಿ, ಒರೆಸಿ ಕೊಡಿ. ಬೇರೆಯವರು ಸೋಲೋ ನುಡಿಸುವಾಗ ನಿಮ್ಮ ವಾಲ್ಯೂಮ್ ಇಳಿಸಿ, ಎರಡು ಮೂರು ಸ್ವರದ ಕಾರ್ಡ್ ಇಟ್ಟುಕೊಂಡು ಲಯ ಹಿಡಿಯಿರಿ. ಚೆನ್ನಾಗಿ ಲಯ ಹಿಡಿಯುವವರನ್ನು ಎಲ್ಲರೂ ಮತ್ತೆ ಕರೆಯುತ್ತಾರೆ. ವೇಗವಾಗಿ ನುಡಿಸುವವರು ಹೇಗೂ ಜಾಸ್ತಿ ಇರುತ್ತಾರೆ.

ಕೇಸ್‌ನೊಳಗೆ:

ಗ್ರೀನ್ ಗಿಟಾರ್ ಮಾತು ಸರಿ, ಒಪ್ಪುತ್ತೇನೆ. ಆದರೂ ಸ್ಟ್ರಾಪ್ ಲಾಕ್ ಇಲ್ಲದೆ ಹೋಗಬೇಡಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ.

ಸ್ವರ್ಣತಂತಿ:

ಎಲ್ಲರಿಗೂ ಧನ್ಯವಾದ. ಇಷ್ಟು ಉದ್ದ ಉತ್ತರ ನಿರೀಕ್ಷಿಸಿರಲಿಲ್ಲ. ಸ್ಟ್ರಾಪ್ ಲಾಕ್ ಹಾಕಿಸಿಕೊಂಡೇ ಕೂಟಕ್ಕೆ ಹೋದೆ, ಗೋಲ್ಡ್‌ಟಾಪ್ ಹಿಡಿದುಕೊಂಡೇ ಹೋದೆ.

ಹೋಗುವ ಮೊದಲು ಪೆನ್ಸಿಲ್ ಕೆಲಸ ಮಾಡಿದೆ. ಮೊದಲು ‘ಟಿಂಕ್’ ಸದ್ದು ಇತ್ತು, ಉಜ್ಜಿದ ಮೇಲೆ ಇಲ್ಲ. ಜಿ ತಂತಿಯನ್ನು ಒಂದು ಪೂರ್ತಿ ಸ್ವರದಷ್ಟು ಬೆಂಡ್ ಮಾಡಿ ಬಿಟ್ಟರೂ ಶ್ರುತಿ ತೋರಿಸುವ ಸಾಧನದ ಮುಳ್ಳು ನಡುವೆ ಬಂದು ನಿಲ್ಲುತ್ತದೆ. ನೆಕ್ ವಾಲ್ಯೂಮ್ ಏಳಕ್ಕೆ ಇಳಿಸಿದ್ದು ಇನ್ನೂ ದೊಡ್ಡ ವ್ಯತ್ಯಾಸ. ಪಿಕಪ್ ಬದಲಿಸುವ ಮಾತು ಅಲ್ಲಿಗೇ ಬಿಟ್ಟೆ.

ಅಲ್ಲಿ ಹಿರಿಯರೊಬ್ಬರು ಇದ್ದರು, ಅವರದು ತುಂಬಾ ಹಳೆಯ ಟೆಲಿಕಾಸ್ಟರ್ ಗಿಟಾರ್. ಅವರು ನನ್ನ ಗಿಟಾರ್ ತಗೊಂಡು ಕೂತರು, ಬೆರಳಲ್ಲೇ ಮೀಟಿದರು, ಪ್ಲೆಕ್ಟ್ರಮ್ ಇಲ್ಲ. ಒಂದೇ ಸ್ವರ ಹಿಡಿದು ವಾಲ್ಯೂಮ್ ನಾಬನ್ನು ಕಿರುಬೆರಳಿನಿಂದ ಮೂರರಿಂದ ಹತ್ತಕ್ಕೆ ನಿಧಾನವಾಗಿ ತಿರುಗಿಸಿದರು. ತಿಳಿಯಾಗಿದ್ದ ಸ್ವರ ಹಾಗೇ ಒಡೆಯುತ್ತಾ ದಪ್ಪಗಾಯಿತು. ನಾನು ಇಷ್ಟು ವರ್ಷ ಕೇಳಿ ಆಸೆಪಟ್ಟದ್ದು ಅದೇ ಸದ್ದು, ನನ್ನದೇ ಗಿಟಾರ್‌ನಿಂದ, ನನ್ನ ಎದುರಿಗೇ. ‘ಕಿರುಬೆರಳು ಇಲ್ಲಿಗೆ ತಲುಪುವ ಹಾಗೆ ಕೈ ಇಡು’ ಅಂತ ನನ್ನ ಮಣಿಕಟ್ಟು ಹಿಡಿದು ತೋರಿಸಿದರು. ಆಮೇಲೆ ಅವರ ಟೆಲಿಕಾಸ್ಟರ್ ಕೊಟ್ಟರು. ನಾವಿಬ್ಬರೂ ಗಿಟಾರ್ ಅದಲುಬದಲು ಮಾಡಿಕೊಂಡು ಒಂದು ನಿಧಾನ ಬ್ಲೂಸ್ ನುಡಿಸಿದೆವು, ನಾನು ಲಯ, ಅವರು ಸೋಲೋ. ಮುಂದಿನ ತಿಂಗಳಿಗೂ ಬಾ ಅಂದಿದ್ದಾರೆ.

ಮಿಡ್ ಜಾಸ್ತಿ, ಬಾಸ್ ಕಡಿಮೆ ಅನ್ನುವುದು ನೂರಕ್ಕೆ ನೂರು ನಿಜ. ಮನೆಯ ಸೆಟ್ಟಿಂಗ್‌ನಲ್ಲಿ ಮೊದಲು ನುಡಿಸಿದಾಗ ನನ್ನ ಗಿಟಾರ್ ಎಲ್ಲಿದೆ ಅಂತಲೇ ಕೇಳುತ್ತಿರಲಿಲ್ಲ.

ಇನ್ನೊಂದು ಸಣ್ಣ ಪ್ರಶ್ನೆ. ಈಗ ಇರುವುದು ಹತ್ತರ ಸೆಟ್, ಬೆಂಡ್ ಮಾಡುವಾಗ ಬೆರಳು ಸ್ವಲ್ಪ ನೋಯುತ್ತದೆ. ಒಂಬತ್ತಕ್ಕೆ ಇಳಿಯಲಾ?

ನಟ್‌ಫೈಲ್:

ಸದ್ಯಕ್ಕೆ ಹತ್ತೇ ಇರಲಿ. ಈ ಗಿಟಾರ್‌ನ ಸ್ಕೇಲ್ (ನಟ್‌ನಿಂದ ಬ್ರಿಡ್ಜ್‌ವರೆಗಿನ ತಂತಿಯ ಉದ್ದ) 24.75 ಇಂಚು, ಸ್ಟ್ರಾಟೋಕಾಸ್ಟರ್ ಗಿಟಾರ್‌ನ 25.5 ಇಂಚಿಗಿಂತ ಕಡಿಮೆ, ಅದೇ ಶ್ರುತಿಗೆ ತಂತಿ ಇಲ್ಲಿ ಮೊದಲೇ ಸ್ವಲ್ಪ ಸಡಿಲ. ಒಂಬತ್ತು ಹಾಕಿದರೆ ಜೋರಾಗಿ ಕಾರ್ಡ್ ಹೊಡೆದಾಗ ಶ್ರುತಿ ಅಲುಗಾಡಬಹುದು. ಬೆರಳು ಗಟ್ಟಿಯಾಗಲು ಇನ್ನೂ ಸ್ವಲ್ಪ ಸಮಯ ಕೊಡಿ. ಆಮೇಲೂ ನೋವು ಹೋಗದಿದ್ದರೆ ಒಂಬತ್ತೂವರೆಯ ಸೆಟ್ ಸಿಗುತ್ತದೆ, ಅದನ್ನು ಹಾಕಿ ನೋಡಿ. ತಂತಿ ದಪ್ಪ ಬದಲಿಸಿದರೆ ನೆಕ್ ಮತ್ತು ಇಂಟೋನೇಷನ್ ಮತ್ತೆ ಒಮ್ಮೆ ಅಳೆಯಬೇಕು, ಅದನ್ನು ಮರೆಯಬೇಡಿ.